ಗಂಟು ನೋಡಿದಿರಾ?

ಬಂಡೆ ಹತ್ತುವವರಿಗೆ ಹೆದರಿಕೆಯೇ ಇರುವುದಿಲ್ಲ ಎಂದು ಸ್ವಾಗತ ಭಾಷಣದಲ್ಲಿ ನನ್ನನ್ನು ಹೊಗಳಿದರು. ಇದೆ ಸ್ವಾಮಿ, ಚೆನ್ನಾಗಿಯೇ ಇದೆ. ನಾಡಿದ್ದು ರಾಮನಗರಕ್ಕೆ ಹೊರಟಿರುವ ನಿಮಗೂ ಸ್ವಲ್ಪ ಹಂಚೋಣ ಅಂತಲೇ ಬಂದೆ.

ಅಮೆರಿಕದ ಕ್ಲೈಂಬರ್ ಅಲೆಕ್ಸ್ ಹೊನಾಲ್ಡ್‌ನ ವಿಡಿಯೊ ನೋಡದವರು ಈ ಸಭೆಯಲ್ಲಿ ಕಡಿಮೆ. 2017ರ ಜೂನ್ 3ರಂದು ಕ್ಯಾಲಿಫೋರ್ನಿಯಾದ ಎಲ್ ಕ್ಯಾಪಿಟನ್ ಬಂಡೆಯ ಸುಮಾರು 900 ಮೀಟರ್ ಗೋಡೆಯನ್ನು ಹಗ್ಗವಿಲ್ಲದೆ ನಾಲ್ಕು ಗಂಟೆಯೊಳಗೆ ಹತ್ತಿದ. 'ಏನು ಗುಂಡಿಗೆ ರೀ!' ಅನ್ನುತ್ತಾರೆ. ಗುಂಡಿಗೆ ಹಾಗಿರಲಿ, ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಕಷ್ಟದ ಜಾಗಗಳಲ್ಲಿ ಯಾವ ಹಿಡಿತಕ್ಕೆ ಯಾವ ಬೆರಳು ಅನ್ನುವವರೆಗೂ ಬಾಯಿಪಾಠ ಮಾಡಿದ್ದ. ಹಿಂದಿನ ನವೆಂಬರಿನಲ್ಲಿ ಹಗ್ಗವಿಲ್ಲದೆ ಹೊರಟವನು ಮನಸ್ಸು ಒಪ್ಪದೆ ಅರ್ಧಕ್ಕೇ ಬಿಟ್ಟ. ಕ್ಯಾಮೆರಾದವರೆಲ್ಲ ಕಾದು ನಿಂತಿದ್ದರು ನೋಡಿ! ನಮಗೆ ನಾಲ್ಕು ಜನ ಗೆಳೆಯರು ಮೊಬೈಲ್ ಹಿಡಿದರೂ ಇಳಿಯಲು ನಾಚಿಕೆ. ಆ ನವೆಂಬರನ್ನೇ ನಾನು ಹೆಚ್ಚು ಮೆಚ್ಚುವುದು.

ಈಗ ಲಿನ್ ಹಿಲ್ ಕಥೆ. ನನ್ನ ಹಳೇ ವಿದ್ಯಾರ್ಥಿಗಳು ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರೆ, ನಗಲಿ. 1989, ಫ್ರಾನ್ಸಿನ ಬ್ಯೂಕ್ಸ್ ಎಂಬಲ್ಲಿನ ಬಂಡೆ. ಆಕೆ ಆಗಲೇ ಜಗತ್ತಿನ ಅಗ್ರ ಕ್ಲೈಂಬರ್. ಹತ್ತಬೇಕಿದ್ದದ್ದು ಬರೀ ಮೈ ಬಿಸಿಯಾಗಲು ಆರಿಸಿಕೊಂಡ ದಾರಿ. ಹಗ್ಗವನ್ನು ಹಾರ್ನೆಸ್ಸಿಗೆ, ಅಂದರೆ ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿಗೆ, ಪೋಣಿಸಿದರು, ಗಂಟು ಹಾಕುವಷ್ಟರಲ್ಲಿ ಷೂ ಲೇಸು ನೆನಪಾಯಿತು, ಯಾರ ಜೊತೆಗೋ ಮಾತಾಯಿತು. ಅರ್ಧ ಗಂಟು ಜಾಕೆಟ್ಟಿನಡಿ ಮುಚ್ಚಿಹೋಯಿತು. ಸಲೀಸಾಗಿ ಮೇಲೆ ಹೋದರು. ಇಳಿಯಲೆಂದು ಹಗ್ಗಕ್ಕೆ ಭಾರ ಬಿಟ್ಟರು. ಹಗ್ಗ ಹಾಗೇ ಜಾರಿ ಈಚೆ ಬಂತು. ಇಪ್ಪತ್ತು ಮೀಟರಿಗೂ ಮೇಲಿಂದ ಬಿದ್ದರು. ನಡುವೆ ಮರ ಸಿಕ್ಕಿದ್ದರಿಂದ ಉಳಿದರು. ನಾಲ್ಕು ವರ್ಷದ ಮೇಲೆ ಎಲ್ ಕ್ಯಾಪಿಟನ್‌ನ ನೋಸ್ ದಾರಿಯನ್ನು ಮೊದಲ ಬಾರಿಗೆ ಫ್ರೀ ಕ್ಲೈಂಬ್ ಮಾಡಿದ್ದೂ, ಅಂದರೆ ಹಗ್ಗವನ್ನು ಬಿದ್ದರೆ ಹಿಡಿಯಲಷ್ಟೇ ಇಟ್ಟುಕೊಂಡು ಬರೀ ಕೈಕಾಲಿನಿಂದ ಹತ್ತಿದ್ದೂ, ಇವರೇ. ಇಂಥವರ ಕೌಶಲ್ಯದಲ್ಲಿ ಏನು ಕೊರತೆ ಹುಡುಕುತ್ತೀರಿ? ಅಂದು ಬೇಕಿದ್ದದ್ದು, ಪಕ್ಕದಲ್ಲಿ ನಿಂತು 'ಗಂಟು ನೋಡಿದಿರಾ?' ಎಂದು ಕೇಳುವ ಒಬ್ಬರು.

ಅದಕ್ಕೇ ಬಂಡೆಯ ಬುಡದಲ್ಲಿ ಯಾರು ಎಷ್ಟು ಸೀನಿಯರ್ ಅನ್ನುವುದು ನನಗೆ ಬೇಡ. ಮೊದಲ ಸಲ ಬಂದ ಹುಡುಗಿಯೂ ಮೇಷ್ಟ್ರ ಹಾರ್ನೆಸ್ ಬಕಲ್ ಎಳೆದು ನೋಡಬೇಕು, ಗಂಟು ಮುಟ್ಟಿ ನೋಡಬೇಕು, ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಕ್ಯಾರಬಿನರ್, ಅದರ ಸ್ಕ್ರೂ ಬಿಗಿಯಾಗಿದೆಯಾ ಅಂತ ಒತ್ತಿ ನೋಡಬೇಕು. ಮೇಷ್ಟ್ರು ಸಿಡುಕಿದರೆ ಅವರೊಡನೆ ಹತ್ತಬೇಡಿ.

ಸ್ವಿಟ್ಜರ್ಲೆಂಡಿನ ಐಗರ್ ಪರ್ವತದ ಉತ್ತರ ಗೋಡೆಯನ್ನು ಎರಡೂವರೆ ಗಂಟೆಯೊಳಗೆ ಒಬ್ಬನೇ ಹತ್ತಿದ ಉಯೆಲಿ ಸ್ಟೆಕ್ 2017ರ ಏಪ್ರಿಲಿನಲ್ಲಿ ಎವರೆಸ್ಟ್ ಪಕ್ಕದ ನುಪ್ಟ್ಸೆ ಶಿಖರದಲ್ಲಿ ಬಿದ್ದು ತೀರಿಕೊಂಡ ವಿಷಯಕ್ಕೆ ಬರುವವನಿದ್ದೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹೆಲ್ಮೆಟ್ ಬಗ್ಗೆ ಹೇಳುವುದೇನೂ ಇಲ್ಲ, ಹಾಕಿಕೊಳ್ಳಿ. ಮಳೆ ಬಿದ್ದ ಬಂಡೆಗೆ ಕಾಲಿಡಬೇಡಿ. ಹಾಂ, ಹೆಜ್ಜೇನು! ಸೆಂಟು ಬಳಿದುಕೊಂಡು ಬರಬೇಡಿ, ಗೂಡು ಕಂಡರೆ ಆ ಕಡೆ ಹತ್ತುವುದೇ ಬೇಡ. ಉಳಿದದ್ದನ್ನು ಬಸ್ಸಿನಲ್ಲಿ ಹೇಳುತ್ತೇನೆ.