ಕೆಸರಿನ ಮೇಲೆ ಕಟ್ಟಿದ ರಾಜಧಾನಿ

ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೊದ ಅಜ್ಟೆಕ್ ಜನರ ಬಗ್ಗೆ ಮಾತಾಡುತ್ತೇನೆ ಎಂದ ಕೂಡಲೇ ಸ್ನೇಹಿತರೊಬ್ಬರು ಕೇಳಿದರು: "ಎದೆ ಸೀಳಿ ನರಬಲಿ ಕೊಡುತ್ತಿದ್ದರಲ್ಲ, ಅವರೇ ತಾನೆ?" ಹೌದು, ಅವರೇ. ಮುಚ್ಚಿಡುವುದಿಲ್ಲ, ಆ ವಿಷಯಕ್ಕೂ ಬರುತ್ತೇನೆ. ಆದರೆ ಮೊದಲು ತರಕಾರಿ ಅಂಗಡಿಗೆ ಹೋಗಿ ಬರೋಣ. ನಾವು ದಿನಾ ಸಾರಿಗೆ ಹಿಚುಕುವ ಟೊಮೆಟೊ ಅವರ ನಹುವಾತ್ಲ್ ಭಾಷೆಯ 'ತೊಮಾತ್ಲ್'. ಸಪೋಟ ಅವರ 'ತ್ಸಾಪೊತ್ಲ್'. 'ಚಿಲ್ಲಿ' ಎಂಬ ಮಾತೂ ಅವರದೇ. ಕನ್ನಡ ಮಾತ್ರ ಅದನ್ನು ತನ್ನ ಕಾಳುಮೆಣಸಿನ ಸಂಬಂಧಿಯೆಂದು ತಿಳಿದು 'ಮೆಣಸಿನಕಾಯಿ' ಎಂದು ಕರೆದು ಮನೆಯೊಳಗೆ ಸೇರಿಸಿಕೊಂಡಿತು. ಅವರ ಊರು ನಾವು ಕಾಣದಿದ್ದರೂ ಅವರ ಮಾತು ನಮ್ಮ ಅಡುಗೆಮನೆಯಲ್ಲಿದೆ.

ಅವರು ತಮ್ಮನ್ನು ಅಜ್ಟೆಕರು ಎಂದು ಕರೆದುಕೊಳ್ಳುತ್ತಿರಲಿಲ್ಲ. ಅವರು ಮೆಶೀಕರು, ಮೆಕ್ಸಿಕೊ ದೇಶದ ಹೆಸರಿನ ಒಳಗೆ ಇರುವುದು ಅದೇ. ಉತ್ತರದಲ್ಲೆಲ್ಲೋ ಇದ್ದ ಅಜ್ಟ್ಲಾನ್ ಎಂಬ ಊರಿನಿಂದ ಹೊರಟು ಬಂದವರು ಎಂಬುದು ಅವರದೇ ಐತಿಹ್ಯ. 'ಅಜ್ಟೆಕ್' ಎಂಬ ಹೆಸರು ಚಾಲ್ತಿಗೆ ಬಂದದ್ದು 19ನೇ ಶತಮಾನದಲ್ಲಿ.

ಕಳ್ಳಿಗಿಡದ ಮೇಲೆ ಹದ್ದು ಕೂತ ಜಾಗದಲ್ಲಿ ನೆಲೆಸಿ ಎಂದು ಕುಲದೇವರು ಹುಯಿತ್ಸಿಲೊಪೊಚ್ತ್ಲಿ ಹೇಳಿದ್ದನಂತೆ. ಹದ್ದು ಕಂಡದ್ದು ತೆಸ್ಕೊಕೊ ಸರೋವರದ ಒಂದು ಜೌಗು ನಡುಗಡ್ಡೆಯಲ್ಲಿ. ವರ್ಷ 1325 ಎಂಬುದು ಸಾಂಪ್ರದಾಯಿಕ ಲೆಕ್ಕ. ನನ್ನ ಅನಿಸಿಕೆ ಕೇಳಿದರೆ, ದಡದ ಒಳ್ಳೆಯ ನೆಲವನ್ನೆಲ್ಲ ಆಗಲೇ ಬೇರೆಯವರು ಹಿಡಿದಿದ್ದರು. ತಡವಾಗಿ ಬಂದವರಿಗೆ ಉಳಿದದ್ದು ಜೊಂಡು, ಕೆಸರು, ಸೊಳ್ಳೆ. ಹದ್ದಿನ ಕಥೆ ಆ ಕೆಸರಿಗೆ ಒಂದು ಮರ್ಯಾದೆ ತಂದುಕೊಟ್ಟಿತು.

ಆ ಕೆಸರನ್ನೇ ಅವರು ಹೊಲ ಮಾಡಿಕೊಂಡರು. ಅದಕ್ಕೆ ಚಿನಾಂಪ ಎಂದು ಹೆಸರು. ಪುಸ್ತಕಗಳಲ್ಲಿ 'ತೇಲುವ ತೋಟ' ಎಂದಿರುತ್ತದೆ, ನಂಬಬೇಡಿ, ಅದು ತೇಲುವುದಿಲ್ಲ. ಆಳವಿಲ್ಲದ ನೀರಿನಲ್ಲಿ ಉದ್ದನೆಯ ಕಿರಿದಾದ ಪಟ್ಟಿಯನ್ನು ಗುರುತು ಮಾಡಿ, ಜಲಸಸ್ಯಗಳನ್ನೂ ತಳದ ಗೋಡನ್ನೂ ಪದರ ಪದರವಾಗಿ ಏರಿಸುತ್ತಾರೆ. ಅಂಚಿಗೆ ಅಹುಎಹೋತೆ ಎಂಬ ನೀಳವಾದ ಮರ ನೆಡುತ್ತಾರೆ. ಅದರ ಬೇರು ದಡವನ್ನು ಹಿಡಿದಿಡುತ್ತದೆ, ಕೊಂಬೆ ನೆಟ್ಟಗೆ ಮೇಲಕ್ಕೇ ಬೆಳೆಯುವುದರಿಂದ ಪೈರಿಗೆ ನೆರಳಾಗುವುದಿಲ್ಲ. ಕಾಲುವೆಯ ತಳದ ಗೋಡನ್ನು ಬಳಿದು ಹಾಸಿ, ಅರೆ ಒಣಗಿದಾಗ ಚಾಕುವಿನಿಂದ ಮೈಸೂರುಪಾಕು ಕೊಯ್ದ ಹಾಗೆ ಚೌಕ ಚೌಕವಾಗಿ ಕೊಯ್ದು, ಒಂದೊಂದರಲ್ಲೂ ಬೀಜ ಇಡುತ್ತಾರೆ. ಸಸಿ ಎದ್ದ ಮೇಲೆ ಮಣ್ಣಿನ ಸಮೇತ ಎತ್ತಿ ನೆಟ್ಟರಾಯಿತು, ಬೇರು ಅಲುಗುವುದಿಲ್ಲ. ಹಿಂದಿನ ಬೆಳೆ ಗದ್ದೆಯಲ್ಲಿರುವಾಗಲೇ ಮುಂದಿನದರ ಸಸಿ ಸಿದ್ಧ. ಮೆಕ್ಸಿಕೊ ನಗರದ ದಕ್ಷಿಣದ ಸೊಚಿಮಿಲ್ಕೊದಲ್ಲಿ ಇಂದಿಗೂ ಹೀಗೆಯೇ ಬೆಳೆಯುವವರಿದ್ದಾರೆ.

ತೊಂದರೆಯೆಂದರೆ ಸರೋವರದ ಒಂದು ಭಾಗ ಉಪ್ಪು. ಮಳೆಗಾಲದಲ್ಲಿ ಉಪ್ಪುನೀರು ನುಗ್ಗಿದರೆ ತೋಟ ಸತ್ತ ಹಾಗೆ. 15ನೇ ಶತಮಾನದ ನಡುವೆ, ನೆರೆಯ ತೆಸ್ಕೊಕೊ ಊರಿನ ದೊರೆ ನೆಸಾವಲ್ಕೊಯೊತ್ಲ್ ಮುಂದೆ ನಿಂತು ಸುಮಾರು 16 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿಸಿ ಸಿಹಿನೀರನ್ನೂ ಉಪ್ಪುನೀರನ್ನೂ ಬೇರೆ ಮಾಡಿದ. ಈತ ಕವಿಯೆಂದೂ ಹೆಸರಾದವನು. ಕುಡಿಯುವ ನೀರು ಬರುತ್ತಿದ್ದದ್ದು ಚಪುಲ್ತೆಪೆಕ್ ಗುಡ್ಡದ ಒರತೆಯಿಂದ, ಜೋಡಿ ಕಾಲುವೆಯಲ್ಲಿ. ಒಂದನ್ನು ತೊಳೆಯುವಾಗ ಇನ್ನೊಂದರಲ್ಲಿ ನೀರು ಹರಿಯುತ್ತಿತ್ತು. ನಲ್ಲಿಗೆ ಮೂರು ದಿನಕ್ಕೊಮ್ಮೆ ಕಾಯುವವರು ಇದನ್ನು ಕೇಳಿ ನಿಟ್ಟುಸಿರು ಬಿಡಬಹುದು. ನಹುವಾತ್ಲ್‌ನಲ್ಲಿ ಊರಿಗೆ, ರಾಜ್ಯಕ್ಕೆ 'ಆಲ್ತೆಪೆತ್ಲ್' ಎನ್ನುತ್ತಾರೆ. ಬಿಡಿಸಿದರೆ 'ನೀರು-ಬೆಟ್ಟ'.

ತೆನೊಚ್ತಿತ್ಲಾನ್ ಎಂಬ ಆ ರಾಜಧಾನಿಗೆ ಅಂಟಿಕೊಂಡಂತೆ ತ್ಲಾತೆಲೋಲ್ಕೊ ಸಂತೆ. ದಿನಕ್ಕೆ 60,000 ಜನ ಸೇರುತ್ತಾರೆ ಎಂದು ಸ್ಪೇನಿನ ದಂಡನಾಯಕ ಕೊರ್ತೆಸ್ ತನ್ನ ದೊರೆಗೆ ಬರೆದ. ಚಿಲ್ಲರೆ ಯಾವುದು ಗೊತ್ತೇ? ಕೋಕೋ ಬೀಜ. ಸ್ಪೇನಿನವರು ಬಂದ ಮೇಲಿನ, 1545ರ ಒಂದು ದರಪಟ್ಟಿ ಉಳಿದಿದೆ: ಒಂದು ಹೆಣ್ಣು ಟರ್ಕಿ ಕೋಳಿಗೆ 100 ಬೀಜ, ದೊಡ್ಡ ಟೊಮೆಟೊಗೆ 1, ಆಗಷ್ಟೇ ಕಿತ್ತ ಬೆಣ್ಣೆಹಣ್ಣಿಗೆ 3. ದುಡ್ಡು ಇದ್ದಲ್ಲಿ ಖೋಟಾ ದುಡ್ಡೂ ಇರಬೇಕಲ್ಲ! ಬೀಜದ ಸಿಪ್ಪೆಯೊಳಗೆ ರಾಜಗಿರಿ ಹಿಟ್ಟು, ಮೇಣ ತುಂಬಿ ಸಾಗಿಸುವ ಚಾಲಾಕಿಗಳಿದ್ದರು. ಸಂತೆಯಲ್ಲೇ ನ್ಯಾಯಾಧೀಶರು ಕೂರುತ್ತಿದ್ದರು.

ನನಗೆ ತುಂಬ ಹಿಡಿಸಿದ್ದು ಕೊಡೆಕ್ಸ್ ಮೆಂಡೋಸಾ ಎಂಬ ಚಿತ್ರಪುಸ್ತಕ. 1540ರ ಸುಮಾರಿಗೆ ಅಲ್ಲಿನ ಚಿತ್ರಕಾರರೇ ಬರೆದದ್ದು, ಈಗ ಆಕ್ಸ್‌ಫರ್ಡಿನಲ್ಲಿದೆ. ಅದರಲ್ಲಿ ಮಕ್ಕಳನ್ನು ಬೆಳೆಸುವ ಪುಟಗಳಿವೆ. ಮೂರು ವರ್ಷದ ಮಗುವಿನ ತಲೆಯ ಮೇಲೆ ಅರ್ಧ ರೊಟ್ಟಿಯ ಚಿತ್ರ, ಅಂದರೆ ಊಟಕ್ಕೆ ಅಷ್ಟು. ನಾಲ್ಕು ವರ್ಷಕ್ಕೆ ಒಂದು, ಆರಕ್ಕೆ ಒಂದೂವರೆ, ಹದಿಮೂರಕ್ಕೆ ಎರಡು. ಹನ್ನೊಂದು ವರ್ಷದ ತುಂಟನಿಗೆ ಶಿಕ್ಷೆಯೇನು? ಒಣಮೆಣಸಿನಕಾಯಿ ಸುಟ್ಟ ಹೊಗೆ. ಅಪ್ಪ ಹುಡುಗನನ್ನು ಆ ಘಾಟಿನ ಮೇಲೆ ಹಿಡಿದಿದ್ದಾನೆ, ಹುಡುಗನ ಕಣ್ಣಿನಿಂದ ನೀರ ಹನಿ ಇಳಿಯುತ್ತಿದೆ.

ಅದೇ ಪುಸ್ತಕದ ಇನ್ನೊಂದು ಭಾಗ ಕಪ್ಪಕಾಣಿಕೆಯ ಲೆಕ್ಕ: ಯಾವ ಊರು ಎಷ್ಟು ಬಟ್ಟೆ, ಎಷ್ಟು ಗರಿ, ಎಷ್ಟು ಕೋಕೋ ಒಪ್ಪಿಸಬೇಕು. 1428ರಲ್ಲಿ ತೆನೊಚ್ತಿತ್ಲಾನ್, ತೆಸ್ಕೊಕೊ, ತ್ಲಾಕೊಪಾನ್ ಸೇರಿ ಹಳೆಯ ಒಡೆಯರನ್ನು ಮಣಿಸಿದ ಮೇಲೆ ಬೆಳೆದ ಸಾಮ್ರಾಜ್ಯ ನಿಂತದ್ದು ಈ ಲೆಕ್ಕದ ಮೇಲೆ. ನರಬಲಿಯನ್ನೂ ಇದರೊಟ್ಟಿಗೇ ನೋಡಬೇಕು. ದೇವತೆಗಳು ತಮ್ಮನ್ನೇ ಸುಟ್ಟುಕೊಂಡು ಸೂರ್ಯನನ್ನು ನಡೆಸಿದರು, ಆ ಋಣ ನೆತ್ತರಿನಲ್ಲೇ ತೀರಬೇಕು ಎಂಬುದು ಅವರ ನಂಬಿಕೆ. ಅದೇ ಹೊತ್ತಿಗೆ ಅದು ಸೋತವರ ಎದೆಯಲ್ಲಿ ಭಯ ನೆಡುವ ರಾಜಕಾರಣವೂ ಹೌದು. 1487ರಲ್ಲಿ ದೊಡ್ಡ ಗುಡಿಯ ಉತ್ಸವಕ್ಕೆ 80,400 ಜನರನ್ನು ಬಲಿ ಕೊಟ್ಟರೆಂಬ ಸಂಖ್ಯೆಯನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಹಾಗೆಂದು ಎಲ್ಲವೂ ಸ್ಪೇನಿನವರ ಕಟ್ಟುಕಥೆ ಎನ್ನುವಂತೆಯೂ ಇಲ್ಲ. 2015ರಿಂದ ನಡೆದ ಉತ್ಖನನದಲ್ಲಿ ತಲೆಬುರುಡೆಗಳನ್ನು ಸುಣ್ಣದಲ್ಲಿ ಕೂರಿಸಿ ಕಟ್ಟಿದ ಗೋಪುರವೇ ಸಿಕ್ಕಿತು. ಅದರಲ್ಲಿ ಹೆಂಗಸರ, ಮಕ್ಕಳ ಬುರುಡೆಗಳೂ ಇದ್ದವು.

ಕಪ್ಪ ಕೊಟ್ಟು ಬೇಸತ್ತವರು, ಕೊಡಲೊಪ್ಪದೆ ದಶಕಗಟ್ಟಲೆ ಕಾದಾಡಿದವರು ಸುತ್ತಲೂ ಇದ್ದರು. 1519ರಲ್ಲಿ ಕೊರ್ತೆಸ್ ಬಂದಿಳಿದಾಗ ಅವನೊಂದಿಗಿದ್ದವರು ಕೆಲವೇ ನೂರು ಜನ. ಅವನನ್ನು ದೇವರೆಂದು ನಂಬಿ ಮೆಶೀಕರ ದೊರೆ ಮೊಕ್ತೆಸುಮಾ ಶರಣಾದ ಎಂಬುದು ಆಮೇಲೆ ಬೆಳೆದ ಕಥೆ. ನಿಜವಾಗಿ ಊರು ಬಿದ್ದದ್ದು ತ್ಲಾಶ್ಕಾಲಾ ಮೊದಲಾದ ಕಡೆಯ ಸಾವಿರಾರು ಯೋಧರಿಂದ, ಮಾಲಿನ್ತ್ಸಿನ್ ಎಂಬ ದುಭಾಷಿ ಹೆಣ್ಣುಮಗಳ ಮಾತಿನ ಜಾಣ್ಮೆಯಿಂದ, 1520ರ ಸಿಡುಬಿನಿಂದ. ಕೊನೆಗೆ ನೀರಿನಿಂದಲೂ. ಮುತ್ತಿಗೆ ಹಾಕಿದವರು ಮೊದಲು ಚಪುಲ್ತೆಪೆಕ್ ಕಾಲುವೆಯನ್ನು ಒಡೆದರು, ಸರೋವರದಲ್ಲಿ 13 ಹಡಗು ಇಳಿಸಿದರು. 1521ರ ಆಗಸ್ಟ್ 13ಕ್ಕೆ ಎಲ್ಲ ಮುಗಿಯಿತು.

ಜನ ಮುಗಿಯಲಿಲ್ಲ. ನಹುವಾತ್ಲ್ ಭಾಷೆಗಳನ್ನು ಆಡುವವರು ಇವತ್ತೂ ಸುಮಾರು 16 ಲಕ್ಷ ಇದ್ದಾರೆ. ಸರೋವರ ಮಾತ್ರ ಹೋಯಿತು. ಹೊಸ ಒಡೆಯರಿಗೆ ನೀರಿನ ಜೊತೆ ಬಾಳುವುದು ಬರಲಿಲ್ಲ. 1629ರ ನೆರೆ ಐದು ವರ್ಷ ಇಳಿಯಲಿಲ್ಲ. ತೋಡಿ, ಬಸಿದು, ಒಣಗಿಸಿದರು. ಈಗ ಅಂತರ್ಜಲ ಎತ್ತಿ ಎತ್ತಿ ನಗರವೇ ಕುಸಿಯುತ್ತಿದೆ.

1978ರ ಫೆಬ್ರವರಿಯಲ್ಲಿ ವಿದ್ಯುತ್ ಇಲಾಖೆಯ ಕೆಲಸಗಾರರು ನಗರದ ನಡುಮಧ್ಯೆ ನೆಲ ಅಗೆಯುತ್ತಿದ್ದಾಗ ಗುದ್ದಲಿಗೆ ಕಲ್ಲು ತಾಗಿತು. ಅದು ಮೂರು ಮೀಟರಿಗೂ ಅಗಲವಾದ ದುಂಡುಶಿಲೆ, ಅದರ ಮೇಲೆ ಅಂಗಾಂಗ ಕತ್ತರಿಸಿದ ಚಂದ್ರದೇವತೆ ಕೊಯೊಲ್ಶಾವ್ಕಿ. ಅಲ್ಲಿಂದ ದೊಡ್ಡ ಗುಡಿಯೇ ಹೊರಬಂತು, ಒಂದರ ಮೇಲೊಂದು ಏಳು ಸಲ ಕಟ್ಟಿದ್ದು. ಪಕ್ಕದಲ್ಲೇ ಸ್ಪೇನಿನವರ ಕೆಥೆಡ್ರಲ್ ಇದೆ. ಅದು ಒಂದೇ ಸಮನಾಗಿ ಕುಸಿಯುತ್ತಿಲ್ಲ, ವಾಲುತ್ತದೆ. ಒಂದು ಕಡೆ ಅದರ ಅಡಿಯಲ್ಲಿ ಕೆಸರು, ಇನ್ನೊಂದು ಕಡೆ ಮೆಶೀಕರ ಗುಡಿಗಳ ಕಲ್ಲು.