ಲೇಯರ್ ಕೋಳಿಯ ನೀರಿನ ಟ್ಯಾಂಕು ಮತ್ತು ಔಷಧಕ್ಕೆ ಬಗ್ಗದ ರೋಗಾಣು

ಕೋಳಿ ಸಾಕಣೆದಾರ ಬಂಧುಗಳೇ, ಕೇಳುಗರೇ, ನಮಸ್ಕಾರ.

ಲೇಯರ್, ಅಂದರೆ ಮೊಟ್ಟೆ ಕೋಳಿಯ ಶೆಡ್ಡಿನಲ್ಲಿ ಒಂದಿಷ್ಟು ಕೋಳಿ ಮಂಕಾದವು, ಹಿಕ್ಕೆ ನೀರಾಯಿತು, ಮೊಟ್ಟೆ ಇಳಿಯಿತು. ಬಹಳ ಕಡೆ ಆಗ ಮೊದಲು ಮಾಡುವುದೇನು? ಔಷಧದಂಗಡಿಯಿಂದ ಆ್ಯಂಟಿಬಯಾಟಿಕ್ ಪುಡಿ ತಂದು ಟ್ಯಾಂಕಿಗೆ ಸುರಿಯುವುದು. ಆಮೇಲೆ ಕೇಜಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕಾಯಿಲೆಯ ಕೋಳಿ ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದಿರುತ್ತದೆ, ನೀರು ಕುಡಿಯುವ ನಿಪ್ಪಲ್ ಹತ್ತಿರ ಬರುವುದೇ ಅಪರೂಪ. ಅದಕ್ಕೆ ಸಿಗುವ ಔಷಧ ಅರೆಬರೆ. ಗಟ್ಟಿಮುಟ್ಟಾದ ಕೋಳಿಗಳೋ ಹೊಟ್ಟೆ ತುಂಬ ಕುಡಿಯುತ್ತವೆ, ಬೇಡದ ಔಷಧವೆಲ್ಲ ಅವುಗಳ ಕರುಳಿಗೆ.

ಆ ಕರುಳಿನಲ್ಲಿ ಇ. ಕೋಲೈಯಂಥ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇವೆ. ಔಷಧಕ್ಕೆ ಸೋಲುವಂಥವು ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಅಷ್ಟಕ್ಕೇ ಮುಗಿಯುವುದಿಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಈ ಶಕ್ತಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ, ಬೇರೆ ಜಾತಿಯದಕ್ಕೂ ದಾಟಿಸುತ್ತವೆ. ಒಂದೇ ಉಂಗುರದಲ್ಲಿ ಹಲವು ಔಷಧಗಳನ್ನು ತಡೆಯುವ ಗುಣ ಇರಬಹುದು. ಹಾಗಾಗಿ ನೀವು ಕೊಟ್ಟಿದ್ದು ಒಂದು ಔಷಧವಾದರೂ, ಕೈಕೊಡುವುದು ನಾಲ್ಕು.

ಇದು ಶೆಡ್ಡಿನೊಳಗೇ ಉಳಿಯುತ್ತದೆಯೇ? ಅಮೆರಿಕದ ವೈದ್ಯ ಸ್ಟುವರ್ಟ್ ಲೆವಿ ಮ್ಯಾಸಚೂಸೆಟ್ಸ್‌ನ ಒಂದು ಫಾರಂನಲ್ಲಿ ಇದನ್ನೇ ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ಮೇವಿನಲ್ಲಿ ಸ್ವಲ್ಪವೇ ಟೆಟ್ರಾಸೈಕ್ಲಿನ್ ಬೆರೆಸಿದರು. ಒಂದೇ ವಾರದಲ್ಲಿ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾ ಬಹುತೇಕ ಎಲ್ಲವೂ ಆ ಔಷಧಕ್ಕೆ ಬಗ್ಗದಂತಾದವು. ಕೆಲವೇ ತಿಂಗಳಲ್ಲಿ ಆ ಫಾರಂನಲ್ಲಿ ವಾಸವಿದ್ದ ಮನುಷ್ಯರಲ್ಲೂ ಅಂಥವು ಹೆಚ್ಚಿದವು, ನೆರೆಮನೆಯವರಲ್ಲಿ ಹಾಗೆ ಹೆಚ್ಚಲಿಲ್ಲ. ಮೇವಿನಿಂದ ಔಷಧ ತೆಗೆದ ಆರು ತಿಂಗಳೊಳಗೆ ಹೆಚ್ಚಿನವರಲ್ಲಿ ಅವು ಮತ್ತೆ ಇಳಿದವು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಈ ಕೊನೆಯ ಸಂಗತಿ.

ನಮ್ಮ ದೇಶದ ಮಾತಿಗೆ ಬರೋಣ. ಪಂಜಾಬಿನ 18 ಫಾರಂಗಳ ಅಧ್ಯಯನವೊಂದು 2017ರಲ್ಲಿ ಬಂತು. ಹಲವು ಬಲವಾದ ಔಷಧಗಳನ್ನು ಒಡೆದುಹಾಕುವ ಇಎಸ್‌ಬಿಎಲ್ ಕಿಣ್ವ ಮಾಂಸದ ಕೋಳಿಗಳ ಇ. ಕೋಲೈಗಳಲ್ಲಿ ಶೇ. 87ರಷ್ಟರಲ್ಲಿ, ಲೇಯರ್ ಕೋಳಿಗಳವುಗಳಲ್ಲಿ ಶೇ. 42ರಷ್ಟರಲ್ಲಿ ಸಿಕ್ಕಿತು. ಲೇಯರ್‌ನಲ್ಲಿ ಕಡಿಮೆ ಎಂದು ಸಮಾಧಾನಪಡುವಂತಿಲ್ಲ. ಮಾಂಸದ ಕೋಳಿ ಆರೇಳು ವಾರಕ್ಕೆ ಹೋಗುತ್ತದೆ, ಮೊಟ್ಟೆ ಕೋಳಿ ವರ್ಷಕ್ಕೂ ಮಿಕ್ಕಿ ನಮ್ಮ ಶೆಡ್ಡಿನಲ್ಲಿದ್ದು ಹಿಕ್ಕೆ ಹಾಕುತ್ತಿರುತ್ತದೆ. ಆ ಹಿಕ್ಕೆ ಗೊಬ್ಬರವಾಗಿ ನಮ್ಮ ಹೊಲಕ್ಕೇ ಬರುತ್ತದೆ. ಹಸಿಹಸಿಯಾಗಿ ಚೆಲ್ಲಬೇಡಿ, ಗುಂಡಿಯಲ್ಲಿ ಚೆನ್ನಾಗಿ ಬಿಸಿಯೇರಿ ಕಳಿತ ಮೇಲೆ ಹಾಕಿ.

ಕೊಲಿಸ್ಟಿನ್ ಹೆಸರು ಕೇಳಿರುತ್ತೀರಿ. ಐಸಿಯುನಲ್ಲಿ ಬೇರೆಲ್ಲ ಔಷಧ ಸೋತಾಗ ವೈದ್ಯರು ಕೈಹಾಕುವುದು ಇದಕ್ಕೆ. ಅದನ್ನು ಕೋಳಿ ಬೇಗ ಬೆಳೆಯಲೆಂದು ಮೇವಿಗೆ ಬೆರೆಸುತ್ತಿದ್ದರು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ಕೋಳಿ, ದನ, ಮೀನು ಎಲ್ಲಕ್ಕೂ ನಿಷೇಧಿಸಿತು. ಹಳೆಯ ಪೊಟ್ಟಣ ಉಳಿದಿದ್ದರೂ ಬಳಸಬೇಡಿ.

ಮೊಟ್ಟೆ ತಿನ್ನುವವರು ಹೆದರಬೇಕಿಲ್ಲ. ಹಳದಿ ಗಟ್ಟಿಯಾಗುವವರೆಗೆ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಹಸಿ ಮೊಟ್ಟೆ ಮುಟ್ಟಿದ ಕೈ ತೊಳೆದುಕೊಳ್ಳಿ.

ಸಾಕಣೆದಾರರಿಗೆ ಇನ್ನೊಂದು ಮಾತು. ಔಷಧ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ಮಾರಬಾರದು ಎಂಬುದನ್ನು ಲೇಬಲ್ಲಿನಲ್ಲಿ ನೋಡಿ, ಬರೆದಿಲ್ಲದಿದ್ದರೆ ಕಾನೂನಿನ ಪ್ರಕಾರ ಕನಿಷ್ಠ 7 ದಿನ. ಮೊಟ್ಟೆಯ ರೇಟು ಪೈಸೆ ಲೆಕ್ಕದಲ್ಲಿ ಏರಿಳಿಯುವಾಗ ಏಳು ದಿನದ ಮೊಟ್ಟೆ ಬಿಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೆ ಆ ಏಳು ದಿನದಲ್ಲಿ ಹೋಗುವುದು ಮೊಟ್ಟೆಯೊಳಗಿನ ಔಷಧ ಮಾತ್ರ, ಕರುಳಿನ ಹಠಮಾರಿ ಬ್ಯಾಕ್ಟೀರಿಯಾ ಅಲ್ಲೇ ಇರುತ್ತವೆ.

ಅದಕ್ಕೇ ಪುಡಿ ಸುರಿಯುವ ಮೊದಲು ಕಾರಣ ತಿಳಿದುಕೊಳ್ಳಿ. ಮೊಟ್ಟೆ ಇಳಿದದ್ದು ಕೊಕ್ಕರೆ ರೋಗದಿಂದ, ಅಂದರೆ ರಾಣಿಖೇತ್ ರೋಗದಿಂದ ಇರಬಹುದು. ಅದು ವೈರಸ್ಸು, ಆ್ಯಂಟಿಬಯಾಟಿಕ್ ಅದನ್ನು ಏನೂ ಮಾಡದು, ಅದಕ್ಕೆ ಬೇಕಾದದ್ದು ವೇಳೆಗೆ ಸರಿಯಾಗಿ ಲಸಿಕೆ. ಹೊಸದಾಗಿ ಸತ್ತ ಕೋಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅಂದೇ ಪಶು ಆಸ್ಪತ್ರೆಗೆ ತನ್ನಿ. ಯಾವ ಔಷಧಕ್ಕೆ ಆ ರೋಗಾಣು ಬಗ್ಗುತ್ತದೆಂಬ ಪರೀಕ್ಷೆಯ ವರದಿಗೆ ಕೆಲವು ದಿನ ಬೇಕು. ಅಷ್ಟರೊಳಗೆ ಮಂಕಾದ ಕೋಳಿಗಳನ್ನು ಬೇರೆ ಮಾಡಿ, ಟ್ಯಾಂಕು ಖಾಲಿ ಮಾಡಿ ಉಜ್ಜಿ, ಪೈಪಿನೊಳಗಿನ ಲೋಳೆ ಹೋಗುವಂತೆ ನೀರು ಬಿಟ್ಟು ತೊಳೆದಿಡಿ.

ನಮಸ್ಕಾರ.