ಆಳೂ ಸಿಗದು, ಕೆಲಸವೂ ಸಿಗದು

ಕೇಳುಗರಿಗೆ ನಮಸ್ಕಾರ. ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಹಣ್ಣಿನ ಕೊಯ್ಲು ಬಂತೆಂದರೆ ತೋಟದವರು ಆಳಿಲ್ಲ ಎಂದು ಪೇಚಾಡುತ್ತಾರೆ. ಅದೇ ಊರಿನಲ್ಲಿ ಡಿಗ್ರಿ ಮುಗಿಸಿದವರು ಕೆಲಸವಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಈಗಿನವರಿಗೆ ಮೈ ಬಗ್ಗುವುದಿಲ್ಲ ಎಂದು ಬೈದು ಸುಮ್ಮನಾಗುವುದು ಅನ್ಯಾಯ.

ಮೊದಲು ಲೆಕ್ಕ ನೋಡೋಣ. ದುಡಿಯುತ್ತಿರುವವರು 55 ಮಂದಿ, ಕೆಲಸ ಹುಡುಕುತ್ತಿರುವವರು 5 ಮಂದಿ ಎಂದಿಟ್ಟುಕೊಳ್ಳಿ. 60ಕ್ಕೆ 5, ಅಂದರೆ ನಿರುದ್ಯೋಗ ಶೇಕಡಾ 8.3. ಆ ಐವರಲ್ಲಿ ಇಬ್ಬರು ಬೇಸತ್ತು ಇನ್ನೊಂದು ಕೋರ್ಸಿಗೆ ಸೇರಿಕೊಂಡರು. ಕೆಲಸ ಹುಡುಕದವರು ಈ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಈಗ 58ಕ್ಕೆ 3, ಶೇಕಡಾ 5.2. ಒಬ್ಬರಿಗೂ ಕೆಲಸ ಸಿಗಲಿಲ್ಲ, ಪ್ರಮಾಣ ಮಾತ್ರ ಇಳಿಯಿತು! ಇನ್ನು ಸರ್ಕಾರದ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ 7 ದಿನಗಳಲ್ಲಿ ಒಂದೇ ಒಂದು ಗಂಟೆ ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಿ. ಆರಿದ್ರಾ ಮಳೆ ಹಿಡಿದ ವಾರ ಒಂದು ದಿನ ಮಾತ್ರ ಕೂಲಿ ಕಂಡ ಹೆಂಗಸು ನಿರುದ್ಯೋಗಿಗಳ ಪಟ್ಟಿಯಲ್ಲಿ ಇರುವುದೇ ಇಲ್ಲ.

ತೋಟದ ಕೆಲಸಕ್ಕೆ ಕಾಲದ ಕಟ್ಟು ಇದೆ. ಕಾಫಿಯಲ್ಲಿ ಎರಡು ಬಗೆ: ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಮಾರ್ಚ್‌ವರೆಗೂ ಎಳೆಯಬಹುದು. ಆಮೇಲೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದು; ಗಿಡದ ಚಿಗುರು ತೆಗೆಯುವುದು, ಕಳೆ. ಇವಕ್ಕೆ ಕೊಯ್ಲಿನಷ್ಟು ಜನ ಬೇಡ. ನಾಲ್ಕೈದು ತಿಂಗಳ ಕೂಲಿ ನಂಬಿ ವರ್ಷದ ಸಂಸಾರ ನಡೆಸುವುದು ಹೇಗೆ? ಹಾಗಾಗಿಯೇ ಸ್ಥಳೀಯರು ಬೆಂಗಳೂರು ಸೇರುತ್ತಾರೆ, ಕೊಯ್ಲಿಗೆ ಅಸ್ಸಾಮಿನವರು ಬರುತ್ತಾರೆ.

ಇನ್ನೊಂದು ಕಾರಣ ಕಾಫಿಯ ದರ. ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್ ಪೇಟೆಯೇ ದಿಕ್ಸೂಚಿ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂದು ಮಿತಿ ಹಾಕುತ್ತಿದ್ದ, ದೇಶಗಳ ನಡುವಿನ ಕೋಟಾ ವ್ಯವಸ್ಥೆ 1989ರಲ್ಲಿ ಮುರಿದುಬಿತ್ತು; 2000ದ ದಶಕದ ಮೊದಲ ವರ್ಷಗಳಲ್ಲಿ ದರ ನೆಲಕಚ್ಚಿತು. ದರ ಬಿದ್ದಾಗ ಬೆಳೆಗಾರರು ಮೊದಲು ಮುಂದೂಡುವುದು ಗೊಬ್ಬರ, ಮರಗಸಿಯನ್ನು. ಮುಂದೂಡಿದ ಆ ಕೆಲಸವೇ ಆಳಿನ ಕೂಲಿ. ಕೂಲಿ ನಿಂತರೆ ಸಂತೆಯಲ್ಲಿ ವ್ಯಾಪಾರವಿಲ್ಲ, ಅಂಗಡಿಯ ಹುಡುಗನಿಗೂ ಕೆಲಸವಿಲ್ಲ.

ಓದಿದವರ ಕಷ್ಟ ಬೇರೆ. ಬಿ.ಎ. ಮುಗಿಸಿದವರಿಗೆ ಲೇತ್ ಯಂತ್ರ ಗೊತ್ತಿಲ್ಲ, ಕಾರ್ಖಾನೆಗೆ ಬೇಕಿರುವುದು ಯಂತ್ರದ ಭಾಗಗಳನ್ನು ಜೋಡಿಸುವ ಫಿಟ್ಟರ್. ದರ ಎಷ್ಟೇ ಏರಲಿ, ಈ ಅಂತರ ತಾನಾಗಿ ಮುಚ್ಚದು. ಕೈಗೆ ಕಸುಬು ಬೇಕು. ಸಂಸ್ಥೆಯಲ್ಲಿ ದುಡಿಯುತ್ತಲೇ ಕಸುಬು ಕಲಿಯುವವರೇ ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ, ನೌಕರರ ಸಂಖ್ಯೆಯ ಕನಿಷ್ಠ ಶೇಕಡಾ 2.5ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಕಲಿಯುವ ಅವಧಿಗೆ ಸ್ಟೈಪೆಂಡ್ ಎಂಬ ಭತ್ಯೆ ಕೊಡಬೇಕು. ಐಟಿಐ ಮಾಡಿದವರಷ್ಟೇ ಅಲ್ಲ, ಪದವೀಧರರೂ ಅರ್ಜಿ ಹಾಕಬಹುದು. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಕೇಳಲು ಹೋದಾಗ, ಖಾಲಿ ಹುದ್ದೆ ಇಲ್ಲ ಎಂದರೆ ವಾಪಸ್ ಬರಬೇಡಿ. ಈ ವರ್ಷ ಅಪ್ರೆಂಟಿಸ್ ಎಷ್ಟು ಜನರನ್ನು ತೆಗೆದುಕೊಳ್ಳುತ್ತೀರಿ ಎಂದು ಕೇಳಿ.